ಹಸಿರು ಎತ್ತು

ಐವತ್ತರ ದಶಕದಲ್ಲಿ, ಗುಂಡ್ಲುಪೇಟೆಯಲ್ಲಿ ಬೋರ್ಡು ಬರೆಯುವ ಅಂಗಡಿ ಇಡುವ ಮೊದಲು, ನಾನು ಸಿಕ್ಕ ಗೋಡೆಗೆಲ್ಲ ಬಣ್ಣ ಬಳಿಯುತ್ತ ತಿರುಗುತ್ತಿದ್ದೆ. ಹರವೆಯ ಯಜಮಾನರೊಬ್ಬರು ಕೊಟ್ಟಿಗೆ ಗೋಡೆ ಬಿಟ್ಟುಕೊಟ್ಟು ಮುದ್ದೆಯನ್ನೂ ಇಕ್ಕಿಸಿದರು. ಅವರ ಬಿಳಿ ಎತ್ತನ್ನು ನಾನು ಅಚ್ಚ ಹಸಿರಾಗಿ ಬರೆದೆ.

"ಹಸಿರು ಎತ್ತು ಎಲ್ಲಿ ನೋಡಿದ್ಯಲಾ?"

"ನಂಗೆ ಅಂಗೇ ಕಾಣ್ತದೆ, ಯಜಮಾನ್ರೇ."

"ಇರ್ಲಿ ಬುಡು, ಮೇವು ಕೇಳಾಕಿಲ್ವಲ್ಲ," ಎಂದು ನಕ್ಕರು.

ಅದನ್ನು ನೋಡಲು ಕುದೇರಿನಿಂದಲೂ ಜನ ಬಂದರು. ನಾನು ಅಂಗಡಿ ಇಟ್ಟ ಮೇಲೆ ಬಂದವರಿಗೆಲ್ಲ ಹಸಿರು ಎತ್ತೇ ಬೇಕು. ಬರೆದೂ ಬರೆದೂ ಆ ಬಣ್ಣ ಕಂಡರೆ ವಾಕರಿಕೆ ಬರುವಂತಾಯಿತು. ಕೊನೆಗೆ ಅದೇ ಯಜಮಾನರು ಹೊಸ ಮನೆಯ ಗೋಡೆಗೆ ಎತ್ತು ಬರೆಯಲು ಕರೆಸಿದಾಗ, ಎದುರಿಗೇ ಕಟ್ಟಿದ್ದ ಎತ್ತನ್ನು ನೋಡಿ ನೋಡಿ, ಇದ್ದಂತೆಯೇ ಬೆಳ್ಳಗೆ ಬರೆದೆ.

ಯಜಮಾನರು ಕೆಂಡವಾದರು. "ಮನಸ್ಸಿಗೆ ಬಂದಂಗೆ ಬರ್ಯಾಕೆ ಇದೇನು ಕೊಟ್ಟಿಗೆ ಗ್ವಾಡೆಯೇನ್ಲಾ?"