ಹನುಮಂತಣ್ಣ ತೆಗೆಯದ ಕರೆಂಟು

ಕಳೆದ ವಾರ ನಮ್ಮ ಮಧುಗಿರಿಯ ಲೈನ್‌ಮನ್ ಹನುಮಂತಣ್ಣ ನಮ್ಮ ಟೈಪಿಂಗ್ ಅಂಗಡಿಯಲ್ಲಿ ನಿಂತು, ತಾವು ಮಾಡದ ತಪ್ಪಿಗೆ ನನ್ನ ತಂಗಿಯ ಕ್ಷಮೆ ಕೇಳಿದರು. ತಪ್ಪು ಮಾಡಿದ ನಾನು ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದೆ.

ಕಾಫಿ ಗಂಟಲಲ್ಲಿ ಇಳಿಯಿತೇ? ಇಳಿಯಿತು. ಅದೇ ನಾಚಿಕೆಗೇಡು.

ಅಂಗಡಿ ತಂಗಿ ಗಿರಿಜಳದು. ಓದಿದವಳು ಅವಳು. ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟ ನಾನು ಅವಳ ಅಸಿಸ್ಟೆಂಟು. (ಅಂಕಣ ಬರೆಯಲು ಸರ್ಟಿಫಿಕೇಟು ಕೇಳದ ನಮ್ಮ ಸಂಪಾದಕರು ಚೆನ್ನಾಗಿರಲಿ.) ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ನನಗೆ ಬರುತ್ತಿದ್ದುದು ಒಂದೇ ವಿದ್ಯೆ. ಕಂಟ್ರೋಲ್ ಕೀ ಹಿಡಿದುಕೊಂಡು ಎಸ್ ಒತ್ತಿದರೆ, ಟೈಪ್ ಮಾಡಿದ್ದೆಲ್ಲ ಸೇವ್. ಅಷ್ಟು ಕಲಿಯಲು ಒಂದು ಮಳೆಗಾಲ ಹಿಡಿಯಿತು. ಕಲಿತ ಮೇಲೆ ಬೆರಳುಗಳು ನನ್ನನ್ನು ಕೇಳದೆ ತಾವೇ ಹೋಗಿ ಒತ್ತುತ್ತಿದ್ದವು.

ಅಷ್ಟರಲ್ಲಿ ಹೊಸ ಕಂಪ್ಯೂಟರ್ ಬಂತು. ಪರದೆ ಅಂಥದೇ, ಕೀಗಳೂ ಅವೇ. ಒಳಗಿನ ಆಡಳಿತ ಮಾತ್ರ ಬೇರೆ. ಡಾಸ್ ಅಂತೆ, ಟೈಪಿಂಗ್ ಪ್ರೋಗ್ರಾಮೂ ಬೇರೆಯಂತೆ.

"ಅಣ್ಣಯ್ಯ, ಇದ್ರಲ್ಲಿ ಕಂಟ್ರೋಲ್ ಜೊತೆ ಮೊದ್ಲು ಕೆ ಒತ್ಬೇಕು, ಆಮೇಲೆ ಎಸ್. ಗೊತ್ತಾಯ್ತಾ?" ಎಂದಳು ಗಿರಿಜ.

ತಲೆ ಆಡಿಸಿದೆ. ತಲೆಗೆ ಗೊತ್ತಾಯಿತು. ಬೆರಳಿಗೆ ಯಾರು ಹೇಳಬೇಕು?

ಅವತ್ತು ಸಂಜೆ ಅವಳು ಹೈಸ್ಕೂಲಿನ ಪ್ರಶ್ನೆಪತ್ರಿಕೆಗಳನ್ನೆಲ್ಲ ಟೈಪ್ ಮಾಡಿ ಮುಗಿಸಿ, ಸೇವ್ ಮಾಡಿ ಆಫ್ ಮಾಡು ಎಂದು ನನಗೆ ಹೇಳಿ ಮನೆಗೆ ಓಡಿದಳು. ಮರುದಿನ ತೋವಿನಕೆರೆಯಲ್ಲಿ ಅವಳ ಗೆಳತಿಯ ಮದುವೆ. ಸೀರೆಗೆ ಇಸ್ತ್ರಿ ಆಗಬೇಕಿತ್ತು. ನಾನು ಗತ್ತಿನಿಂದ ಕಂಟ್ರೋಲ್, ಎಸ್ ಒತ್ತಿದೆ. ಪರದೆಯ ಮೇಲೆ ಮಿನುಗುವ ಕರ್ಸರ್ ಒಂದಕ್ಷರ ಹಿಂದೆ ಸರಿಯಿತು. ಮತ್ತೆ ಒತ್ತಿದೆ. ಮತ್ತೆ ಸರಿಯಿತು. ಹೊಸ ಮೆಷಿನ್ನಿಗೆ ವಿನಯ ಜಾಸ್ತಿ ಎಂದುಕೊಂಡು ಸ್ವಿಚ್ ಆರಿಸಿದೆ.

ಬೆಳಿಗ್ಗೆ ಗಿರಿಜ ರೇಷ್ಮೆ ಸೀರೆ ಉಟ್ಟು ಬಂದಳು. ಪ್ರಿಂಟ್ ತೆಗೆದಿಟ್ಟು ಹಾಗೇ ಬಸ್ ಹತ್ತುವ ಯೋಚನೆ. ಹುಡುಕಿದಳು. ಒಂದಕ್ಷರವೂ ಇಲ್ಲ. ನನ್ನ ಕಡೆ ತಿರುಗಿದಳು. ಆಗ ನನಗೆ 'ಕೆ' ನೆನಪಾಯಿತು.

"ಸೇವ್ ಮಾಡಾಕೆ ಕೈ ಇಟ್ಟೆ ಕಣಮ್ಮ, ಕರೆಂಟ್ ಹೋಗ್ಬುಡ್ತು. ನಿಂಗೆ ನಿದ್ದೆ ಕೆಡ್ತದೆ ಅಂತ ಹೇಳ್ಲಿಲ್ಲ" ಎಂದೆ.

ನಮ್ಮೂರಲ್ಲಿ ಇದಕ್ಕಿಂತ ನಂಬುವಂಥ ಸುಳ್ಳು ಬೇರೆ ಇದೆಯೇ? (ಒಳಗೆ ಅಣ್ಣನ ಪ್ರೀತಿಯನ್ನೂ ತುರುಕಿದ್ದೆ.) ಗಿರಿಜ ನಂಬಿದಳು. ಸೆರಗು ಸಿಕ್ಕಿಸಿ ಮೊದಲಿನಿಂದ ಟೈಪ್ ಮಾಡತೊಡಗಿದಳು. ಬಸ್ ಹೋಯಿತು. ಮುಹೂರ್ತವೂ ಹೋಯಿತು.

ಮಧ್ಯಾಹ್ನ ಹನುಮಂತಣ್ಣ ಎಂದಿನಂತೆ ಕಾಫಿಗೆ ಬಂದರು. ಸಿಕ್ಕಿದ್ದು ಬೈಗುಳ. ನಿನ್ನೆ ಸಂಜೆ ಕರೆಂಟ್ ತೆಗೆದು ನನ್ನ ಗೆಳತಿಯ ಮದುವೆಯನ್ನೇ ತಪ್ಪಿಸಿದಿರಲ್ಲ ಎಂದು ಗಿರಿಜ ಕಣ್ಣಲ್ಲಿ ನೀರು ತಂದುಕೊಂಡಳು. ಅವರು ತಲೆ ಕೆರೆದುಕೊಂಡರು.

"ಹೋಗಿದ್ರೂ ಹೋಗಿರ್ಬೋದು ಬುಡಮ್ಮ. ಅದು ಯಾವಾಗ ಹೋಗ್ತದೋ ನಮಗೇ ತಿಳಿಯಾಕಿಲ್ಲ. ತಪ್ಪಾಯ್ತು."

ಊರವರ ಬೈಗುಳ ಕೇಳಿ ಕೇಳಿ ಅವರ ಬಾಯಿಗೂ 'ತಪ್ಪಾಯ್ತು' ಅಭ್ಯಾಸವಾಗಿಬಿಟ್ಟಿದೆ, ನನ್ನ ಬೆರಳಿನ ಹಾಗೆ. ನನ್ನ ಬಾಯಿಯಾದರೂ ಏನು? ತಪ್ಪು ಎಂದರೆ ಸಾಕು, 'ಕರೆಂಟ್ ಹೋಯ್ತು' ಎಂಬ ಕೀ ತಾನೇ ಒತ್ತಿಕೊಳ್ಳುತ್ತದೆ.

ಅಂದಿನಿಂದ ಹನುಮಂತಣ್ಣನಿಗೆ ನಮ್ಮಲ್ಲಿ ಕಾಫಿ ಬಂದ್. ನನ್ನ ಲೋಟಕ್ಕೆ ಮಾತ್ರ ಒಂದು ಚಮಚ ಸಕ್ಕರೆ ಹೆಚ್ಚು, ತಂಗಿಯ ನಿದ್ದೆ ಕಾದ ಅಣ್ಣನಲ್ಲವೇ! ಎದುರು ನಿಂತು ಹೇಳಲು ಧೈರ್ಯವಿಲ್ಲದೆ ಇಲ್ಲಿ ಬರೆದಿದ್ದೇನೆ. ಇದು ಪೇಪರಿನಲ್ಲಿ ಬರುವ ದಿನ ಊರಿಗೆಲ್ಲ ಕರೆಂಟ್ ಹೋಗಲಿ ಎಂದು ಆಗಲೇ ಬೇಡಿಕೊಳ್ಳುತ್ತಿದ್ದೇನೆ.

ಆದರೆ ಹಗಲು ಹೊತ್ತಿನಲ್ಲಿ ಪೇಪರ್ ಓದಲು ಕರೆಂಟ್ ಯಾಕೆ ಬೇಕು?