ಮ್ಯಾಲ ಯಾರದು?

ಮದುವೆಯಾಗಿ ಕೊಟ್ಟೂರಿಗೆ ಬಂದ ಹೊಸದರಲ್ಲಿ ನಾನು ತಿಂದ ಮೊದಲ ಬೈಗುಳ ಅಡುಗೆ ಕೆಟ್ಟಿದ್ದಕ್ಕಲ್ಲ, ಮಾಳಿಗೆ ಹತ್ತಿದ್ದಕ್ಕೆ. ಹತ್ತಿದ್ದಕ್ಕೂ ಅಲ್ಲ, ಹತ್ತಿ ಸುಮ್ಮನಿದ್ದದ್ದಕ್ಕೆ.

ನನ್ನ ತವರು ಹಡಗಲಿ. ಅಲ್ಲಿ ನಮ್ಮದು ಹೆಂಚಿನ ಮನೆ. ಹೆಂಚಿನ ಮೇಲೆ ಬೆಕ್ಕು ಓಡಾಡುತ್ತದೆ, ಮಂಗ ಓಡಾಡುತ್ತದೆ, ಮನುಷ್ಯರು ಓಡಾಡುವುದಿಲ್ಲ. ಗಂಡನ ಮನೆಯದು ಮಣ್ಣಿನ ಮಾಳಿಗೆ. ತೊಲೆ, ಜಂತಿ, ಅದರ ಮೇಲೆ ದಪ್ಪನೆಯ ಮಣ್ಣು. ಓಣಿಯ ಮನೆಗಳೆಲ್ಲ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದವು, ಒಂದು ಮಾಳಿಗೆ ಹತ್ತಿದರೆ ಓಣಿಯ ಕೊನೆಯವರೆಗೂ ಮೇಲೇ ನಡೆದುಹೋಗಬಹುದಿತ್ತು. ಯಾರು ನಡೆದರೂ ಕೆಳಗೆ ಕೇಳುತ್ತಿತ್ತು, ಒಲೆಯ ಮೇಲಿನ ಸಾರಿಗೆ ಮಣ್ಣು ಉದುರುತ್ತಿತ್ತು. ಅದಕ್ಕೇ ಅಲ್ಲೊಂದು ರೂಢಿ. ಕೆಳಗಿನವರು "ಮ್ಯಾಲ ಯಾರದು?" ಎಂದು ಕೂಗಿದರೆ ಮೇಲಿನವರು ತಾವು ಯಾರೆಂದು ಹೇಳಲೇಬೇಕು. ಹೇಳದವರು ಒಂದೋ ಕಳ್ಳರು, ಇಲ್ಲವೋ ಹೆಸರೆತ್ತಬಾರದವರು.

ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಸಂಡಿಗೆ ಒಣಹಾಕಲು ಮೇಲೆ ಹೋಗಿದ್ದೆ. ಕೆಳಗಿನಿಂದ ಅತ್ತೆಯ ಕೂಗು ಬಂತು. ಹೊಸ ಸೊಸೆ, ಗಂಟಲು ಎತ್ತಿ ಒದರಲು ನಾಚಿಕೆ, ಸುಮ್ಮನಿದ್ದೆ. ಎರಡನೇ ಸಲ ಕೂಗಿದಾಗ ದನಿ ನಡುಗುತ್ತಿತ್ತು. ಆಮೇಲೆ ಏಣಿಯ ದಡದಡ ಸದ್ದಾಯಿತು, ಅತ್ತೆ ಕೈಯೆಲ್ಲ ಹಿಟ್ಟು ಮಾಡಿಕೊಂಡೇ ಮೇಲೆ ಬಂದರು. ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನ ರಟ್ಟೆ ಹಿಡಿದರು, ಹಿಡಿದ ಕಡೆ ಹಿಟ್ಟಿನ ಐದು ಬೆರಳು ಮೂಡಿದವು.

"ಕೇಳಿದಾಗ ಬಾಯಿ ಬಿಡಾಕ ಏನಾಗೈತಿ ನಿನಗ? ಮೂಗಿಯೇನು?"

ಇಷ್ಟಕ್ಕೆ ಇಷ್ಟೊಂದು ಸಿಟ್ಟೇ ಎಂದು ನಾನೂ ಒಳಗೊಳಗೇ ಉರಿದುಕೊಂಡೆ. ನನ್ನ ಸಿಟ್ಟೂ ಕಡಿಮೆಯದಲ್ಲ. ಆದರೆ ಅಂದಿನಿಂದ ಮೇಲೆ ಕಾಲಿಡುವ ಮೊದಲೇ "ನಾನ್ರೀ ಅತ್ತಿ" ಎಂದು ಒದರುವುದು ರೂಢಿಯಾಯಿತು.

ಆ ಮಾಳಿಗೆ ಈಗಿಲ್ಲ. ಕೆಲವು ವರ್ಷಗಳ ಹಿಂದೆ ಅದನ್ನು ಕೆಡವಿ ಅದೇ ಜಾಗದಲ್ಲಿ ಆರ್‌ಸಿಸಿ ಮನೆ ಕಟ್ಟಿಸಿದೆವು. ಅತ್ತೆಗೆ ಸುತರಾಂ ಇಷ್ಟವಿರಲಿಲ್ಲ. ಹೊಸ ಮನೆಯಲ್ಲಿ ಮೇಲೆ ಆನೆ ನಡೆದರೂ ಕೆಳಗೆ ಕೇಳುವುದಿಲ್ಲ. ಸಾರಿಗೆ ಮಣ್ಣು ಬೀಳುವುದು ತಪ್ಪಿತಲ್ಲ ಎಂದು ನಾನು ಖುಷಿಪಟ್ಟೆ. ಅತ್ತೆ ಮಾತ್ರ ಸ್ವಲ್ಪ ದಿನ ಸೂರು ನೋಡುತ್ತಲೇ ಊಟ ಮಾಡಿದರು.

ನಮ್ಮ ಮನೆಯವರಿಗೆ ಹಗರಿಬೊಮ್ಮನಹಳ್ಳಿಯಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೇ ಬರುವುದು. ಟಿವಿ ನೋಡಲು ಪುರುಸೊತ್ತಿಲ್ಲದ ಈ ಮನುಷ್ಯನಿಗೆ ಟಿವಿಯ ಹುಚ್ಚು ಮಾತ್ರ ವಿಪರೀತ. ಗೋಡೆಯಗಲ ಟಿವಿ ಮೊದಲೇ ಇತ್ತು. ಹೋದ ವರ್ಷ ಅದರ ಕೆಳಗೆ ಉದ್ದನೆಯ ಕಪ್ಪು ಸೌಂಡ್‌ಬಾರ್ ತಂದಿಟ್ಟರು. ಅದರ ಎರಡೂ ತುದಿಗೆ ಸೂರಿನ ಕಡೆ ಬಾಯಿ ತೆರೆದ ಸ್ಪೀಕರುಗಳು. ಶಬ್ದ ಮೇಲೆ ಹೋಗಿ, ಸೂರಿಗೆ ಬಡಿದು, ನಮ್ಮ ತಲೆಯ ಮೇಲೆ ಇಳಿಯುತ್ತದಂತೆ. ಸಿನಿಮಾದಲ್ಲಿ ಮಳೆ ಬಂದರೆ ಮೇಲಿನಿಂದಲೇ ಬಂದಂತೆ ಕೇಳುತ್ತದಂತೆ. ಅದರ ಜೊತೆಗೆ ಒಂದು ಸ್ಟಿಕ್ಕು, ಅದನ್ನು ಸೌಂಡ್‌ಬಾರಿಗೆ ಚುಚ್ಚಿದರೆ ಸಿನಿಮಾ, ಧಾರಾವಾಹಿ ಎಲ್ಲ ಇಂಟರ್ನೆಟ್ಟಿನಿಂದ ಬರುತ್ತವೆ. ನಮ್ಮವರು ಜೋಡಿಸಿ ಮಳೆಯ ಸಿನಿಮಾ ಒಂದನ್ನು ಹಚ್ಚಿದರು. ಮಳೆ ಟಿವಿಯ ಒಳಗೇ ಬಂತು. "ಮನಿ ಒಳಗ ಒಂದ್ ಹನಿನೂ ಬೀಳಲಿಲ್ಲಲ್ರಿ" ಎಂದು ನಾನು ಕಾಲೆಳೆದೆ. ಅವರು ಮುಖ ಗಂಟಿಕ್ಕಿಕೊಂಡು ರಿಮೋಟು ಒತ್ತುತ್ತ ಕೂತರು, ಕೊನೆಗೆ ಬಿಟ್ಟರು.

ಅದರ ಲಾಭವಾದದ್ದು ಅತ್ತೆಗೆ. ಕಣ್ಣಿನ ಪೊರೆ ತೆಗೆಸಿದ ಮೇಲೂ ಅವರಿಗೆ ರಿಮೋಟಿನ ಅಕ್ಷರ ಕಾಣುತ್ತಿರಲಿಲ್ಲ. ಸ್ಟಿಕ್ಕಿನ ರಿಮೋಟಿನಲ್ಲಿ ಒಂದು ಗುಂಡಿ ಒತ್ತಿ ಬಾಯಲ್ಲಿ ಹೇಳಿದರೆ ಸಾಕು, ಬೇಕಾದದ್ದು ಬರುತ್ತದೆ. ಮಧ್ಯಾಹ್ನ ಉಂಡು ಮಂಚದ ಮೇಲೆ ಅಡ್ಡಾಗಿ, ಒಂದು ಹಿಂದಿ ಧಾರಾವಾಹಿ ಹಚ್ಚಿಕೊಂಡು ಕಣ್ಣು ಮುಚ್ಚಿ ಕೇಳುತ್ತಿದ್ದರು. ತವರಿನಲ್ಲಿ ಪಕ್ಕದ ಮನೆಯ ಸಾಬರ ಹೆಣ್ಣುಮಕ್ಕಳ ಜೊತೆ ಬೆಳೆದವರು, ಹಿಂದಿ ಚೆನ್ನಾಗಿ ತಿಳಿಯುತ್ತಿತ್ತು. ಕನ್ನಡದಲ್ಲೂ ಇದೆಯಲ್ಲ ಎಂದರೆ, "ಅವರು ಪೇಪರ್ ಓದಿದಂಗ ಮಾತಾಡ್ತಾರ, ನನಗ ಸೇರಂಗಿಲ್ಲ" ಎನ್ನುತ್ತಿದ್ದರು. ಒಂದೇ ಮಧ್ಯಾಹ್ನಕ್ಕೆ ಮುಗಿಯುವ ಸಣ್ಣ ಧಾರಾವಾಹಿ, ಮರುದಿನ ಮತ್ತೆ ಮೊದಲಿನಿಂದ.

ನಾನು ಪಕ್ಕದ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಿರುತ್ತೇನೆ. ಒಂದು ಮಧ್ಯಾಹ್ನ ಮಿಷನ್ ನಿಲ್ಲಿಸಿ ದಾರ ಕತ್ತರಿಸುತ್ತಿದ್ದೆ. ನಡುಮನೆಯಿಂದ ಕೂಗು ಬಂತು.

"ಮ್ಯಾಲ ಯಾರದು?"

ಆ ಕೂಗು ಕೇಳಿ ವರ್ಷಗಳಾಗಿದ್ದವು. ಎದ್ದು ಹೋದೆ. ಅತ್ತೆ ಮಂಚದ ಮೇಲೆ ಎದ್ದು ಕೂತು ಸೂರು ನೋಡುತ್ತಿದ್ದರು.

"ಯಾರೋ ಅಡ್ಡಾಡಾಕತ್ಯಾರ. ಕೇಳಿದ್ರ ಮಾತಾಡವಲ್ರು."

ಮೇಲೆ ಹೋಗಿ ನೋಡಿದೆ. ಕಾಲಿಡಲಾಗದಂಥ ಬಿಸಿಲು. ಒಣಹಾಕಿದ ಮೆಣಸಿನಕಾಯಿ ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ಇದ್ದರೂ ಈ ಸ್ಲ್ಯಾಬಿನಲ್ಲಿ ಕೆಳಗೆ ಕೇಳುವುದೆಲ್ಲಿಂದ? ಕನಸು ಬಿದ್ದಿರಬೇಕು ಎಂದೆ. ಅವರು ನನ್ನತ್ತ ನೋಡಲೂ ಇಲ್ಲ.

ಮರುದಿನವೂ ಕೂಗಿದರು. ಅದರ ಮರುದಿನವೂ. ಆಮೇಲೆ ವಿವರ ಬರತೊಡಗಿತು. ಹೆಜ್ಜೆ ಸಣ್ಣವಂತೆ. ಬರಿಗಾಲಂತೆ. ಬಾಗಿಲ ಕಡೆಯಿಂದ ಹೊರಟು ಹಿತ್ತಲ ಕಡೆ ಹೋಗುತ್ತದಂತೆ, ಅಲ್ಲಿ ನಿಂತುಬಿಡುತ್ತದಂತೆ. ಅತ್ತೆ ಮಧ್ಯಾಹ್ನದ ನಿದ್ದೆ ಬಿಟ್ಟರು. ಊಟದ ತಟ್ಟೆ ಹಾಗೇ ಆರುತ್ತಿತ್ತು. ಟಿವಿ ತನ್ನ ಪಾಡಿಗೆ ತಾನು ಹಾಡುತ್ತಿರುವಾಗ ಅವರು ಕತ್ತೆತ್ತಿ ಕಾಯುತ್ತಿದ್ದರು. ನಾನು ಹೆದರುವ ಹೆಂಗಸಲ್ಲ. ಆದರೂ ಆ ಹೊತ್ತಿನಲ್ಲಿ ಮಿಷನ್ ಬಿಟ್ಟು ನಡುಮನೆ ದಾಟಲು ನನಗೆ ಮನಸ್ಸಾಗುತ್ತಿರಲಿಲ್ಲ, ಅದು ನಿಜ.

ಭಾನುವಾರ ನಮ್ಮವರು ತಾಯಿಯ ಪಕ್ಕ ಕೂತು ಅದೇ ಧಾರಾವಾಹಿ ಹಚ್ಚಿದರು. ಏನೂ ಕೇಳಲಿಲ್ಲ. ಅತ್ತೆಗೂ ಕೇಳಲಿಲ್ಲ. "ನೀ ಇದ್ರ ಬರಂಗಿಲ್ಲ ಅದು" ಎಂದರು. ನಮ್ಮವರು ಎದ್ದು ಹೊರಗೆ ಹೋಗಿ ಹರಪನಹಳ್ಳಿಯ ಅಕ್ಕನಿಗೆ ಫೋನು ಮಾಡಿದರು. ನನ್ನ ನಾದಿನಿ ಮಾರನೆಯ ದಿನವೇ ಬಂದಿಳಿದಳು. ಅವ್ವನಿಗೆ ತಲೆ ಕೆಡುತ್ತಿದೆ, ದಾವಣಗೆರೆಯಲ್ಲಿ ತೋರಿಸಿ ಆಮೇಲೆ ತನ್ನ ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ, ಈ ಮನೆಗೆ ಇನ್ನು ಕಳಿಸುವುದಿಲ್ಲ ಎಂದಳು. ಬರುವ ಸೋಮವಾರ ಹೊರಡುವುದೆಂದು ಅಕ್ಕತಮ್ಮ ಸೇರಿ ನಿರ್ಧರಿಸಿದರು. ಅತ್ತೆ ಕಾಲಿಗೆ ಬೀಳುವುದೊಂದು ಬಾಕಿ.

"ನನ್ನ ಈ ಮನಿ ಬಿಡಸಬ್ಯಾಡ್ರಿ. ನಾ ಹ್ವಾದ್ರ ಇಲ್ಲಿ ಕೇಳಾವ್ರು ಯಾರು?"

ಯಾರನ್ನು, ಏನೆಂದು ಕೇಳಬೇಕು ಎಂಬುದನ್ನು ನಾವು ಯಾರೂ ವಿಚಾರಿಸಲಿಲ್ಲ. ಅವರ ಸೀರೆಗಳನ್ನು ನಾನೇ ಮಡಿಚಿ ಚೀಲಕ್ಕೆ ತುಂಬಿದೆ. ಜಗಳವಾಡಿಕೊಂಡೇ ಜೊತೆಗೆ ಬದುಕಿದವರು ನಾವು, ಅವರಿಲ್ಲದೆ ನಾನು ಜಗಳ ಯಾರ ಜೊತೆ ಆಡಲಿ?

ಶನಿವಾರ ಮಧ್ಯಾಹ್ನ ಹೊಲಿಗೆ ಬಿಟ್ಟು ಅವರ ಮಂಚದ ಕೆಳಗೆ ಗೋಡೆಗೊರಗಿ ಕೂತೆ. ಟಿವಿಯಲ್ಲಿ ಇಬ್ಬರು ಹೆಂಗಸರು ಅಡುಗೆಮನೆಯಲ್ಲಿ ಏನೋ ಮಾತಾಡುತ್ತಿದ್ದರು. ಅತ್ತೆ ನನ್ನ ಹೆಗಲು ಮುಟ್ಟಿದರು. ಆಗ ನನಗೂ ಕೇಳಿತು.

ತಲೆಯ ಮೇಲೆ. ಸರಿಯಾಗಿ ನೆತ್ತಿಯ ಮೇಲೆ. ಸಣ್ಣ ಬರಿಗಾಲು, ಒಂದರ ಹಿಂದೆ ಒಂದು, ಅವಸರವಿಲ್ಲದೆ ಹಿತ್ತಲ ಕಡೆಗೆ ಸಾಗುತ್ತಿತ್ತು. ನನ್ನ ಮೈಮೇಲಿನ ಕೂದಲೆಲ್ಲ ಎದ್ದು ನಿಂತವು. ಸರಿಯಾಗಿ ಕೇಳಿಸಿಕೊಳ್ಳೋಣವೆಂದು ಕೈಗೆ ಸಿಕ್ಕ ರಿಮೋಟು ಒತ್ತಿ ಧಾರಾವಾಹಿ ನಿಲ್ಲಿಸಿದೆ. ಮೇಲಿನ ಹೆಜ್ಜೆಯೂ ನಿಂತಿತು. ಒಂದು ಕಾಲು ಎತ್ತಿದ್ದು ಹಾಗೇ ಉಳಿಯಿತು.

ಮತ್ತೆ ಒತ್ತಿದೆ. ಎತ್ತಿದ ಕಾಲು ಕೆಳಗಿಳಿಯಿತು. ನಿಲ್ಲಿಸಿದೆ, ನಿಂತಿತು. ಬಿಟ್ಟೆ, ನಡೆಯಿತು.

ಹೆದರಿಕೆ ಹೋಗಿ ಸಿಟ್ಟು ಬಂತು. ಆ ಕಪ್ಪು ಡಬ್ಬಿಯ ಮೇಲೆ, ಅದನ್ನು ತಂದ ಗಂಡನ ಮೇಲೆ. ಒಂದೊಂದಾಗಿ ಹಚ್ಚಿ ನೋಡಿದೆ. ಟಿವಿಯಲ್ಲಿ ಮೊದಲಿನಿಂದ ಇದ್ದ ಆಪಿನಲ್ಲಿ ಅದೇ ಜಾಗ ಹುಡುಕಿ ಹಚ್ಚಿದರೆ ಹೆಜ್ಜೆಯೇ ಇಲ್ಲ. ಸ್ಟಿಕ್ಕಿನಲ್ಲಿ ಕನ್ನಡದಲ್ಲಿ ಹಚ್ಚಿದರೂ ಇಲ್ಲ. ಸ್ಟಿಕ್ಕಿನಲ್ಲಿ ಹಿಂದಿಯಲ್ಲಿ ಹಚ್ಚಿದರೆ ಮಾತ್ರ ಸೂರಿನ ಮೇಲೆ ಕಾಲು. ನಮ್ಮ ಟಿವಿ ಹಳೆಯದು, ಅದರ ಆಪಿಗೆ ಆ ಮೇಲಿನ ಶಬ್ದ ಬರುವುದಿಲ್ಲ. ಕನ್ನಡದ ಮಾತು ಕೂಡಿಸಿದವರು ಮೇಲಿನ ಶಬ್ದ ಕೂಡಿಸಿಲ್ಲ. ನಮ್ಮವರು ಯಾವಾಗಲೂ ಹಚ್ಚುವುದು ಟಿವಿಯ ರಿಮೋಟಿನಿಂದ, ಅದೂ ಕನ್ನಡದಲ್ಲಿ. ಧಾರಾವಾಹಿಯ ಮನೆಯಲ್ಲಿ ಮಹಡಿಯ ಮೇಲೆ ಯಾರದೋ ಮಗು ಆಡುತ್ತದೆ, ಅದರ ಕಾಲಿನ ಸದ್ದದು. ಹಳೆಯ ಮನೆಯಾಗಿದ್ದರೆ ಮಣ್ಣು ಆ ಸದ್ದನ್ನು ನುಂಗಿಬಿಡುತ್ತಿತ್ತು. ಈ ನುಣ್ಣನೆಯ ಸ್ಲ್ಯಾಬು ಅದನ್ನು ತಿರುಗಿಸಿ ಕೊಡುತ್ತಿತ್ತು.

ಭಾನುವಾರ ನಾದಿನಿ ಅವ್ವನನ್ನು ಕರೆದೊಯ್ಯಲು ಮತ್ತೆ ಬಂದಳು. ಅಕ್ಕತಮ್ಮ ಇಬ್ಬರನ್ನೂ ಕೂರಿಸಿ ತೋರಿಸಿದೆ. ಹೆಜ್ಜೆ ಕೇಳಿ ನಾದಿನಿ ಮೊದಲು ಕಿಟಾರನೆ ಕಿರುಚಿದಳು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಮ್ಮವರಿಗೆ ಅವ್ವನಿಗೆ ಏನೂ ಆಗಿಲ್ಲವೆಂಬ ಖುಷಿಗಿಂತ ಸೌಂಡ್‌ಬಾರು ಕೆಲಸ ಮಾಡುತ್ತದೆಂಬ ಖುಷಿಯೇ ಒಂದು ತೂಕ ಹೆಚ್ಚು. ದಾವಣಗೆರೆಯ ಮಾತು ಅಲ್ಲಿಗೇ ಬಿತ್ತು. ನನಗೆ ಎದೆ ಹಗುರಾಯಿತು.

ಅತ್ತೆ ಮಾತ್ರ ನಗಲಿಲ್ಲ.

"ಹಂಗಾದ್ರ ಇದು ನಿಮಗೂ ಕೇಳ್ತಾ?"

"ಹೂನವ್ವ, ಎಲ್ರಿಗೂ ಕೇಳ್ತೈತಿ. ಮಷಿನ್ನಿಂದ ಬರತೈತಿ ಅದು" ಎಂದರು ನಮ್ಮವರು.

"ಇಷ್ಟ್ ವರ್ಷ ನನಗೊಬ್ಬಾಕಿಗೇ ಕೇಳ್ತಿತ್ತು."

ನಾದಿನಿ ಎದ್ದು ಒಳಗೆ ಹೋದಳು. ನಮ್ಮವರು ಟಿವಿ ಆರಿಸಿದರು.

ಈ ಅಕ್ಕತಮ್ಮನಿಗಿಂತ ಮೊದಲು ಒಂದು ಹೆಣ್ಣುಕೂಸಿತ್ತು, ಜ್ವರ ಬಂದು ಹೋಯಿತು ಎಂದಷ್ಟೇ ನನಗೆ ಗೊತ್ತಿತ್ತು. ಜ್ವರವಲ್ಲ. ಆ ಸಂಜೆ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಅತ್ತೆಯೇ ಹೇಳಿದರು. ರೊಟ್ಟಿ ಬಡಿಯುತ್ತಿದ್ದರಂತೆ. ಮಾಳಿಗೆಯ ಮೇಲೆ ಸಣ್ಣ ಹೆಜ್ಜೆ ಕೇಳಿತಂತೆ. ಕೈ ಹಿಟ್ಟಾಗಿತ್ತು, ಪಕ್ಕದ ಮನೆಯ ಹುಡುಗಿ ಇರಬೇಕೆಂದು ಕೂಗಲಿಲ್ಲವಂತೆ. ಹೆಜ್ಜೆ ಹಿತ್ತಲ ಕಡೆ ಹೋಗಿ ನಿಂತಿತಂತೆ. ಆಗ ಮಾಳಿಗೆಗಳ ಅಂಚಿಗೆ ಪ್ಯಾರಾಪೆಟ್ ಗೋಡೆ ಇರುತ್ತಿರಲಿಲ್ಲ.

"ಒಂದ್ ಸಲ ಯಾರದು ಅಂದಿದ್ರ ಯವ್ವಾ ನಾನು ಅಂತಿತ್ತು. ಇಳಿ ಅಂತಿದ್ದೆ. ಇಳೀತಿತ್ತು."

ನನ್ನ ರಟ್ಟೆಯ ಮೇಲೆ ಮೂಡಿದ್ದ ಹಿಟ್ಟಿನ ಬೆರಳುಗಳು ನೆನಪಾದವು. ನನಗೆ ಅಳು ಬಂತು, ಮೆಣಸಿನಕಾಯಿಯ ಘಾಟು ಎಂದು ಮುಖ ಒರೆಸಿಕೊಂಡೆ.

ಆ ಸೌಂಡ್‌ಬಾರನ್ನು ತೆಗೆಸಬೇಡಿ ಎಂದು ಅತ್ತೆ ಕೇಳಿಕೊಂಡರು. ತೆಗೆಸಲಿಲ್ಲ. ದಿನಾ ಮಧ್ಯಾಹ್ನ ಆ ಜಾಗ ಬಂದಾಗ "ಮ್ಯಾಲ ಯಾರದು?" ಎನ್ನುತ್ತಿದ್ದರು. ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಸ್ವಲ್ಪ ಕಾಯುತ್ತಿದ್ದರು, ಆಮೇಲೆ ಮಗ್ಗುಲಾಗಿ ನಿದ್ದೆ ಹೋಗುತ್ತಿದ್ದರು. ಊಟವೂ ಸೇರತೊಡಗಿತು. ಅವರ ಕೂಗಿಗೆ ನಾನೂ ಮಿಷನ್ ನಿಲ್ಲಿಸಿ ಒಂದು ಗಳಿಗೆ ಕಿವಿಗೊಡುತ್ತಿದ್ದೆ. ಅದೇ ಸದ್ದು, ಅದೇ ಜಾಗ, ಗೊತ್ತಿರುವಂಥದೇ. ಆದರೂ ಪ್ರತಿ ಸಲವೂ ಬೆನ್ನು ತಣ್ಣಗಾಗುತ್ತಿತ್ತು.

ಈ ಬೇಸಿಗೆಯಲ್ಲಿ ಅದೂ ನಿಂತಿತು. ಸ್ಟಿಕ್ಕು ತಾನೇ ಏನೋ ಅಪ್‌ಡೇಟ್ ಮಾಡಿಕೊಂಡಿತು. ಮಾತು ಬಂತು, ಹಾಡು ಬಂತು, ಹೆಜ್ಜೆ ಬರಲಿಲ್ಲ. ನಮ್ಮವರು ಅವರಿವರಿಗೆ ಫೋನು ಮಾಡಿದರು. ಆ ಮೇಲಿನ ಶಬ್ದ ಇನ್ನು ಈ ಹಳೆಯ ಸ್ಟಿಕ್ಕಿಗೆ ಸಿಗುವುದಿಲ್ಲವಂತೆ, ಹೊಸದು ತರಬೇಕಂತೆ. ತರುತ್ತೇನೆ ಎಂದರು, ಅಂಗಡಿಯ ಗಡಿಬಿಡಿಯಲ್ಲಿ ದಿನ ಕಳೆದವು. ಅತ್ತೆ ಕೂಗುವುದನ್ನು ಬಿಟ್ಟರು. ತಟ್ಟೆ ಮತ್ತೆ ಆರತೊಡಗಿತು.

ಮೊನ್ನೆ ಮಧ್ಯಾಹ್ನ ಕರೆಂಟು ಹೋಗಿತ್ತು. ಟಿವಿ ಆರಿತ್ತು, ಮಿಷನ್ ನಿಂತಿತ್ತು. ಹಿತ್ತಲ ಕಡೆ ಮೋಡ ಕಂಡು ಮೆಣಸಿನಕಾಯಿ ಎತ್ತಿಡಲು ಮೇಲೆ ಹೋದೆ. ಮೆಟ್ಟಿಲ ಬಾಗಿಲು ತೆರೆದೇ ಇತ್ತು. ಕಾಯಿ ಬುಟ್ಟಿಗೆ ತುಂಬಿಕೊಳ್ಳುತ್ತ, ಬಿಸಿ ತಾಗದಿರಲೆಂದು ತುದಿಗಾಲಲ್ಲಿ ಹಿತ್ತಲ ಕಡೆಗೆ ನಡೆಯುತ್ತಿದ್ದೆ.

"ಮ್ಯಾಲ ಯಾರದು?"

ಇಷ್ಟು ದಪ್ಪದ ಸ್ಲ್ಯಾಬಿನಲ್ಲಿ ನನ್ನ ಹೆಜ್ಜೆ ಇವರಿಗೆ ಕೇಳಿತೆ? ಆದರೂ ಉತ್ತರ ಕೊಡದೆ ಇರುವಂತಿರಲಿಲ್ಲ.

"ನಾನ್ರೀ ಅತ್ತಿ!"

ಆಮೇಲೆ ಅತ್ತೆಯ ದನಿ ಮೆಲ್ಲಗೆ ಮೆಟ್ಟಿಲೇರಿ ಬಂತು.

"ನೀ ಅನ್ನಾದು ಗೊತ್ತಾತು. ನಿನ್ನ ಹಿಂದ ಬರಾಕತ್ತಿದ್ದು ಯಾರು?"

ಹಿಂದಕ್ಕೆ ತಿರುಗಿ ನೋಡಲಿಲ್ಲ. ಇನ್ನು ನಾಲ್ಕು ಹೆಜ್ಜೆ ಮುಂದೆ ಪ್ಯಾರಾಪೆಟ್, ಅದರಾಚೆ ಹಿತ್ತಲು. ಮೆಣಸಿನಕಾಯಿಯ ಬುಟ್ಟಿಯನ್ನು ಒಂದೇ ಕಂಕುಳಿಗೆ ಸೇರಿಸಿಕೊಂಡೆ, ಇನ್ನೊಂದು ಕೈಯನ್ನು ಖಾಲಿ ಬಿಟ್ಟೆ.

"ಇಬ್ರೂ ಇಳದು ಬರ್ತೀವ್ರೀ ಅತ್ತಿ" ಎಂದೆ.

ಮೆಟ್ಟಿಲಿಳಿಯುವಾಗ ಗೋಡೆಯ ಬದಿಗೆ ಜಾಗ ಬಿಟ್ಟೇ ಇಳಿದೆ.