ತೆರೆದಿಟ್ಟ ತೂಕದ ಚೀಟಿ

ನಂಜನಗೂಡಿನ ಆ ಅಕ್ಕಿ ಗಿರಣಿಯಲ್ಲಿ ಕಂಪ್ಯೂಟರ್ ನಿಂತಾಗಲೆಲ್ಲ ರುದ್ರೇಶನನ್ನು ಕರೆಯುತ್ತಿದ್ದರು. ಅವನು ಸರ್ವರ್ ಆರಿಸಿ ಮತ್ತೆ ಹಾಕುತ್ತಿದ್ದ, ಎಲ್ಲವೂ ಸರಿಹೋಗುತ್ತಿತ್ತು. ಏಕೆ ನಿಂತಿತೆಂದು ಅವನು ಕೇಳಿಕೊಂಡವನಲ್ಲ. ಗುಣವಾದ ರೋಗಿ ಔಷಧಿಯನ್ನು ಸಂಶಯಿಸುವುದು ಅಪರೂಪ. ವೈದ್ಯನಂತೂ ಸಂಶಯಿಸುವುದೇ ಇಲ್ಲ. ಕಳಲೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಅವನಿಗೆ ಗಿರಣಿಯಲ್ಲಿದ್ದ ಮರ್ಯಾದೆಯೆಲ್ಲ ಸರ್ವರಿನ ಆ ಒಂದು ಗುಂಡಿಯಿಂದ ಬಂದದ್ದು.

೨೦೦೩ರ ಭತ್ತದ ಸುಗ್ಗಿಯಲ್ಲಿ ತಿ. ನರಸೀಪುರದ ಶಾಖೆಗೆ ವಾಣಿ ಕೆಲಸಕ್ಕೆ ಬಂದಳು. ಮೈಸೂರಿನಲ್ಲಿ ಡೇಟಾಬೇಸ್ ಕಲಿತವಳು. ಎರಡೂ ಊರಿನ ಗಿರಣಿಗಳು ಟೆಲಿಫೋನ್ ತಂತಿಯ ಮೂಲಕ ಒಂದೇ ಸರ್ವರಿಗೆ ಸೇರಿದ್ದವು. ಇಲ್ಲಿ ನಿಂತರೆ ಅಲ್ಲಿಯೂ ಲಾರಿಗಳು ಸಾಲುಗಟ್ಟುತ್ತಿದ್ದವು. ಒಂದು ದಿನ ಅವಳು ಫೋನಿನಲ್ಲಿ, "ರುದ್ರೇಶಣ್ಣ, ಆರಿಸೋಕ್ ಮುಂಚೆ ಯಾವ ಸೀಟಿನವ್ರು ಬೇರೆಯವ್ರಿಗೆ ದಾರಿ ಬಿಡ್ದೆ ಲಾಕ್ ಹಿಡ್ಕೊಂಡವ್ರೆ ಅಂತ ಒಂದ್ಸಲ ನೋಡಿ," ಎಂದಳು. ಆ ಮಾತಿಗಿಂತ, ಅದನ್ನು ಅಷ್ಟು ವಿನಯದಿಂದ ಹೇಳಿದ್ದು ಅವನನ್ನು ಸುಟ್ಟಿತು. ಎಲ್ಲ ಲೈನಿನ ದೋಷವೆಂದು ಫೋನ್ ಇಟ್ಟ. ಮುಂದಿನ ವಾರ ಅವಳನ್ನೇ ಕರೆಸಿ ನೋಡಿಸುತ್ತೇನೆಂದು ಮಾಲೀಕ ಬಸವಪ್ರಸಾದರು ಹೇಳಿದಾಗಿನಿಂದ ಅವನಿಗೆ ಊಟ ಸೇರಲಿಲ್ಲ. ಅವಳು ಕಾರಣ ಕಂಡುಹಿಡಿದರೆ ತಾನು ಬರಿಯ ಗುಂಡಿ ಒತ್ತುವವನೆಂಬುದು ಬಯಲಾಗುತ್ತದೆ. ಕಂಪ್ಯೂಟರ್ ಕೋಣೆ ಅವಳದಾಗುತ್ತದೆ.

ಆ ಶುಕ್ರವಾರ ಯಂತ್ರ ನಿಂತಾಗ ಅವನು ಬಾಗಿಲು ಮುಚ್ಚಿಕೊಂಡು ಅವಳು ಹೇಳಿದ್ದನ್ನೇ ನೋಡಿದ. ಲಾಕ್ ಹಿಡಿದಿದ್ದದ್ದು ಗೇಟಿನ ವೇಬ್ರಿಜ್. ಅಲ್ಲಿಗೆ ಹೋದರೆ, ಲಾರಿ ತೂಗುವ ಸಿದ್ದಮಲ್ಲಪ್ಪ ಪರದೆಯ ಮೇಲೆ ಹೊಸ ಚೀಟಿ ತೆರೆದಿಟ್ಟು ಕೈಕಟ್ಟಿ ಕುಳಿತಿದ್ದಾನೆ.

"ಒಳ್ಳೆ ಗಳಿಗೇಲಿ ಸುರು ಮಾಡಿವ್ನಿ ಕಣಪ್ಪ. ರಾಹುಕಾಲ ಕಳೀಲಿ, ಮುಗುಸ್ತೀನಿ."

ಕಾಗದದ ಕಾಲದಲ್ಲೂ ಅವನು ರಾಹುಕಾಲಕ್ಕೆ ಮೊದಲೇ ಚೀಟಿಯ ತಲೆಗೆ ಶ್ರೀ ಬರೆದಿಟ್ಟು ಕಾಯುತ್ತಿದ್ದ. ಅದರಿಂದ ಯಾರಿಗೂ ತೊಂದರೆಯಿರಲಿಲ್ಲ. ಕಂಪ್ಯೂಟರಿನಲ್ಲಾದರೋ ಚೀಟಿಯ ನಂಬರುಗಳು ಒಂದೇ ಸಾಲಿನಲ್ಲಿ ಬರುತ್ತವೆ. ಒಬ್ಬನು ತೆರೆದದ್ದು ಮುಗಿಯುವವರೆಗೆ ಬೇರೆಯವರಿಗೆ ಮುಂದಿನ ನಂಬರು ಸಿಗದು. ರಾಹುಕಾಲ ವಾರಕ್ಕೆ ತಕ್ಕಂತೆ ಬೇರೆಬೇರೆ ಹೊತ್ತಿಗೆ ಬರುವುದರಿಂದ, ಯಂತ್ರ ನಿಲ್ಲುವುದಕ್ಕೂ ಒಂದು ಕ್ರಮವಿದೆಯೆಂದು ಯಾರಿಗೂ ತೋಚಿರಲಿಲ್ಲ. ರುದ್ರೇಶ ಸರ್ವರ್ ಆರಿಸಿದಾಗ ಆ ಚೀಟಿ ಅಳಿದುಹೋಗಿ ಲಾಕ್ ಬಿಡುತ್ತಿತ್ತು, ಅಷ್ಟೆ.

ಇದನ್ನು ಹೇಳಿದರೆ, ಇಷ್ಟು ವರ್ಷ ನೀನೇನು ನೋಡುತ್ತಿದ್ದೆ ಎನ್ನುತ್ತಾರೆ. ಹೇಳದಿದ್ದರೆ ವಾಣಿ ಬಂದ ದಿನವೇ ಕಂಡುಹಿಡಿಯುತ್ತಾಳೆ. ಅಸೂಯೆ ಮೂರನೆಯ ದಾರಿಯೊಂದನ್ನು ತೋರಿಸಿತು: ಅವಳಿರುವಷ್ಟು ದಿನ ಯಂತ್ರ ನಿಲ್ಲಲೇಬಾರದು. ರೋಗವೇ ಕಾಣದಿದ್ದರೆ ಅವಳು ಪರೀಕ್ಷಿಸುವುದೇನನ್ನು?

"ಅಣ್ಣ, ಇನ್ಮೇಲೆ ರಾಹುಕಾಲ ಕಳುದ್ ಮೇಲೇ ಚೀಟಿ ತೆರೀರಿ," ಎಂದ.

"ಬೋಣಿ ಕೆಡಲ್ವೇನ್ಲಾ?"

"ಕಂಪ್ಯೂಟ್ರಿಗೆ ಬೋಣಿ ಗೀಣಿ ಎಲ್ಲೈತಣ್ಣ?"

ವಾಣಿ ಬಂದಳು, ವಾರವಿಡೀ ಪರದೆಯ ಮುಂದೆ ಕಾದಳು. ಏನೂ ನಿಲ್ಲಲಿಲ್ಲ. ಅವಳ ಮುಖ ಸಪ್ಪಗಾದಂತೆಲ್ಲ ರುದ್ರೇಶನಿಗೆ ಹಸಿವು ಮರಳಿತು. ಅವಳಿಗೆ ಕಾಫಿಯನ್ನೂ ತರಿಸಿಕೊಟ್ಟ. ಶನಿವಾರ ಬಸವಪ್ರಸಾದರು ಇಬ್ಬರನ್ನೂ ಕರೆದರು.

"ಈ ಹುಡ್ಗಿ ಬಂದ್ಮೇಲೆ ಒಂದ್ಸಲಾನೂ ನಿಂತಿಲ್ಲ. ಇವ್ಳು ಇಲ್ಲೇ ಇರ್ಲಿ. ರುದ್ರೇಶ, ನೀನು ನರಸೀಪುರ ನೋಡ್ಕೊ."

ತಾನು ಏನೂ ಮಾಡಿಲ್ಲವೆಂದೂ, ನಿಲ್ಲದೆ ಇದ್ದುದರಿಂದ ಕಾರಣವೇ ತಿಳಿಯಲಿಲ್ಲವೆಂದೂ ವಾಣಿ ಇದ್ದದ್ದನ್ನೇ ಹೇಳಿದಳು. ಮಾಲೀಕರು ಅದನ್ನು ಸಂಕೋಚವೆಂದು ತಿಳಿದು ಇನ್ನಷ್ಟು ಮೆಚ್ಚಿಕೊಂಡರು.

ರುದ್ರೇಶ ನೇರವಾಗಿ ವೇಬ್ರಿಜ್‌ಗೆ ಹೋಗಿ, ಸೋಮವಾರದಿಂದ ಹಿಂದಿನಂತೆಯೇ ರಾಹುಕಾಲಕ್ಕೆ ಮೊದಲೇ ಚೀಟಿ ತೆರೆದಿಡಿರೆಂದು ಸಿದ್ದಮಲ್ಲಪ್ಪನನ್ನು ಬೇಡಿಕೊಂಡ. ಅವನು ಒಪ್ಪಲಿಲ್ಲ.

"ಬ್ಯಾಡ ಕಣ್ಲಾ. ಆ ಎಣ್ಮಗ ಬಂದ್ ಮ್ಯಾಲೆ ನನ್ ಚೀಟಿ ಒಂದೂ ಅಳ್ಸೋಗಿಲ್ಲ. ಒಳ್ಳೆ ಕಾಲ್ಗುಣ ಕಣೋ ಅವಳ್ದು."